ತೋಳ ಹೇಳಿದ ಮಾತು

“ಈ ‘ಕೆ’ ಎಲ್ಲಿ ಹೋಯ್ತು?” ಎಂದಳು ಐಲಿ ಕಂಗಾಸ್.

ಪುಸ್ತಕದಂಗಡಿಯಲ್ಲಿದ್ದ ಮೂವರಲ್ಲಿ ಇಬ್ಬರು ಅವಳ ಕಡೆ ತಿರುಗಿದರು. ಐಲಿ ಮೂಗಿನ ತುದಿಗೆ ಜಾರಿದ ಕನ್ನಡಕದೊಳಗಿಂದ ಎಡಗೈಯ ಪುಸ್ತಕವನ್ನೊಮ್ಮೆ, ಬಲಗೈಯ ಫೋನನ್ನೊಮ್ಮೆ ನೋಡುತ್ತಿದ್ದಳು. ಪುಸ್ತಕ ‘ಮಂಜುಕೋಟೆ’ ಮಾಲೆಯ ಮೂರನೆಯದು, ಕೊನೆಯದು. ಮಂಗಳವಾರ ದೇಶದ ತುಂಬ ಬಿಡುಗಡೆಯಾಗಬೇಕಾದದ್ದು. ಫೋನಿನಲ್ಲಿದ್ದದ್ದು ಅದರದೇ ಕೊನೆಯ ಅಧ್ಯಾಯ. ಯಾರೋ ಅದನ್ನು ಹಾರಿಸಿ ಅಭಿಮಾನಿಗಳ ಜಾಲತಾಣಕ್ಕೆ ಹಾಕಿ ಒಂದು ವಾರ ಕಳೆದಿತ್ತು.

“ಯಾವ ಕೆ?” ಎಂದ ಗ್ರೆಶಮ್. ಅವನು ಪ್ರಕಾಶಕರ ವಕೀಲ. ಕಳ್ಳಿ ಯಾರೆಂದು ನ್ಯೂಯಾರ್ಕಿನಲ್ಲೇ ತೀರ್ಮಾನ ಮಾಡಿಕೊಂಡು ವಿಮಾನ ಹತ್ತಿದವನು. “ಮೇಡಂ, ಹೊರಗೆ ಟ್ರಕ್ಕು ಕಾಯ್ತಾ ಇದೆ. ಪೆಟ್ಟಿಗೆಗಳನ್ನ ಹೇರಿಸಿ ನಾನು ಸಂಜೆ ವಿಮಾನ ಹಿಡೀಬೇಕು.”

ಬಿಡುಗಡೆಗೆಂದು ಬಂದ ಪುಸ್ತಕದ ಪೆಟ್ಟಿಗೆಗಳು ಒಳಕೋಣೆಯಲ್ಲಿ ಸೂರು ಮುಟ್ಟಿದ್ದವು. ಅವು ಇವತ್ತು ಟ್ರಕ್ಕು ಹತ್ತಿದರೆ ಮಂಗಳವಾರದ ಬಿಡುಗಡೆ ಈ ಅಂಗಡಿಯಲ್ಲಿ ಇಲ್ಲ. ಯಾಕಿಲ್ಲ ಎಂದು ಡುಲೂತ್ ಬಂದರಿನ ಊರಿಗೆ ಊರೇ ಕೇಳುತ್ತದೆ. ಅಂಗಡಿಯ ಒಡತಿ ಡೆಲ್ಫಿನ್ ಲಾಪ್ರೆರಿ ಗೆಳತಿಯ ಕತೆ ಕದ್ದಳಂತೆ ಎಂಬ ಉತ್ತರವೂ ಸಿಗುತ್ತದೆ.

ಡೆಲ್ಫಿನ್ ಗಲ್ಲೆಯ ಹಿಂದೆ ಕೈಕಟ್ಟಿ ನಿಂತಿದ್ದಳು. ಅವಳಿಗೆ ಪೆಟ್ಟಿಗೆಯ ಚಿಂತೆಯಾಗಲಿ ಊರಿನ ಚಿಂತೆಯಾಗಲಿ ಅಷ್ಟಿಲ್ಲವೆಂದು ಐಲಿಗೆ ಕಾಣುತ್ತಿತ್ತು. ಅವಳ ಕಣ್ಣು ಕಿಟಕಿಯ ಬಳಿ ಬೆನ್ನು ಹಾಕಿ ಕೂತ ಹೆಂಗಸಿನ ಮೇಲಿತ್ತು. ಮಾರಿತ್ ಓಸ್ಬಿ, ಮೂರೂ ಪುಸ್ತಕ ಬರೆದವಳು, ಒಂದೇ ಶಾಲೆ ಒಂದೇ ಬೆಂಚಿನ ಗೆಳತಿ. ವಾರದಿಂದ ಮಾತು ಬಿಟ್ಟಿದ್ದಾಳೆ. ಆ ಬೆನ್ನು ಒಂದು ಸಲ ಈಚೆ ತಿರುಗಿದರೆ ಸಾಕು, ಅಂಗಡಿ ಮುಚ್ಚಿದರೂ ಮುಚ್ಚಲಿ ಎನ್ನುವಂತಿತ್ತು ಡೆಲ್ಫಿನ್‌ಳ ಮುಖ.

ಲೆಕ್ಕವೇನೋ ಸರಳವಾಗಿತ್ತು. ಅಚ್ಚಾದ ಪ್ರತಿಗಳೆಲ್ಲ ಬೀಗದೊಳಗಿದ್ದಾಗ ಹೊರಗಿದ್ದವು ಎರಡೇ. ಒಂದು ಮಾರಿತ್‌ಳ ಸ್ವಂತ ಪ್ರತಿ. ಇನ್ನೊಂದನ್ನು ಅವಳೇ ಪ್ರಕಾಶಕರ ಕಣ್ಣು ತಪ್ಪಿಸಿ ಡೆಲ್ಫಿನ್‌ಳ ಕೈಗಿತ್ತಿದ್ದಳು, ಪ್ರೀತಿಗೆ. ಮಾರಿತ್ ತನ್ನದನ್ನು ಯಾರಿಗೂ ತೋರಿಸಿಲ್ಲ ಎಂದರೆ ಉಳಿದವಳು ಇವಳೇ ಅಲ್ಲವೆ?

“ಕತೆಯ ಹುಡುಗಿಗೆ ಕೊನೆಯ ಅಧ್ಯಾಯದಲ್ಲಿ ತನ್ನ ನಿಜವಾದ ಹೆಸರು ಸಿಗತ್ತೆ,” ಎಂದಳು ಐಲಿ. “ನೈವರಾ. ಇಡೀ ಮಾಲೆಯಲ್ಲಿ ಆ ಹೆಸರು ಬರೋದು ಈ ಅಧ್ಯಾಯದಲ್ಲಿ ಮಾತ್ರ. ಅಚ್ಚಿನಲ್ಲಿ ಅದರ ಮುಂದೊಂದು ಕೆ ಇದೆ. ನೈಫ್ ಅಂತ ಬರೆಯೋವಾಗ ಮುಂದೆ ಕೂತ್ಕೊಂಡು ಬಾಯೇ ಬಿಡಲ್ವಲ್ಲ, ಅಂಥ ಕೆ. ಕದ್ದ ಬರಹದಲ್ಲಿ ಒಂದು ಕಡೇನೂ ಅದಿಲ್ಲ.”

“ಅವಸರದಲ್ಲಿ ಬಿಟ್ಟಿರಬೇಕು.”

“ಬಂದ ಕಡೆಯೆಲ್ಲಾನಾ? ಪುಟ ನೋಡಿ ಬರೆದವರಿಗೆ ಕೆ ಕಾಣದೇ ಇರತ್ತಾ ವಕೀಲ್ರೇ? ಇದನ್ನ ಬರೆದವರು ಪುಟ ನೋಡಿಲ್ಲ. ಕಿವಿಯಲ್ಲಿ ಕೇಳಿದಾರೆ.”

ಕಿಟಕಿಯ ಬಳಿಯ ಬೆನ್ನು ಅಲುಗಿತು. “ಆ ಕೆ ಅಂಟಿಸಿದ್ದು ನಾನೇ,” ಎಂದಳು ಮಾರಿತ್, ತಿರುಗದೆ. “ಹಳೇ ಕಾಲದ ಹೆಸರಿನ ಹಾಗೆ ಕಾಣಲಿ ಅಂತ. ಚಿಕ್ಕಂದಿನಲ್ಲಿ ನಾವು ಬರೀ ಬಾಯಲ್ಲಿ...” ಎಂದು ಅಷ್ಟಕ್ಕೇ ನಿಲ್ಲಿಸಿದಳು. ಡೆಲ್ಫಿನ್ ಸರಕ್ಕನೆ ಅವಳತ್ತ ನೋಡಿ ಮತ್ತೆ ಗಲ್ಲೆಯತ್ತ ನೋಡಿದಳು. ಆ ನೋಟವನ್ನು ಐಲಿ ಗಮನಿಸಿದಳು.

“ಹಾಗಿದ್ರೆ ಇವರು ಯಾರಿಗೋ ಓದಿ ಹೇಳಿದಾರೆ,” ಎಂದು ಗ್ರೆಶಮ್ ಡೆಲ್ಫಿನ್‌ಳತ್ತ ಬೆರಳು ಮಾಡಿದ. “ಕೇಳಿದವರು ಬರೆದಿದಾರೆ. ಅಲ್ಲಿಗೂ ತಪ್ಪು ಇವರದೇ...”

ಆಗಲೇ ಹೊರಗೆ ಹಡಗೊಂದು ಕೂಗಿತು. ಹಡಗುಗಳು ಬಂದರಿಗೆ ಹೋಗಿಬರುವ ಕಾಲುವೆ ಅಂಗಡಿಯಿಂದ ಕೂಗಳತೆಯಲ್ಲಿದೆ. ಕಪಾಟಿನ ಪುಸ್ತಕಗಳು ನಡುಗಿದವು. ಗ್ರೆಶಮ್ ಕೂತಲ್ಲೇ ಹಾರಿಬಿದ್ದ, ಕಾಫಿ ಅಂಗಿಯ ಮೇಲೆ ಚೆಲ್ಲಿತು. ಹಡಗಿಗೆ ಉತ್ತರವಾಗಿ ಕಾಲುವೆಯ ಮೇಲಿನ ಎತ್ತುಸೇತುವೆಯ ಭೋಂಗಾವೂ ಕೂಗಿತು.

“ಏನದು!”

“ಯಾವುದು?” ಎಂದಳು ಡೆಲ್ಫಿನ್.

ಅವಳು ಅಣಕಿಸುತ್ತಿರಲಿಲ್ಲ. ನಿಜಕ್ಕೂ ಕೇಳಿಸಿಕೊಂಡಿರಲಿಲ್ಲ. ಮಾರಿತ್ ತಲೆಯನ್ನೂ ಎತ್ತಿರಲಿಲ್ಲ. ಈ ಕಾಲುವೆಯ ಪಕ್ಕ ತೊಟ್ಟಿಲು ತೂಗಿಸಿಕೊಂಡವರ ಕಿವಿಗೆ ಹಡಗಿನ ಕೂಗು ಗಡಿಯಾರದ ಟಿಕ್‌ಟಿಕ್ ಇದ್ದಂತೆ. ಐಲಿ ಊರಿನ ಆಚೆ ತುದಿಯವಳು, ಷೆರೀಫರ ಕಚೇರಿಯಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತಳಾದವಳು, ಮಾರಿತ್ ಕರೆದಳೆಂದು ಬಂದವಳು. ಅವಳಿಗೆ ಕೂಗು ಕೇಳಿಸಿತ್ತು, ಮತ್ತು ಅವಳು ಬೆಳಗಿನಿಂದ ಕಾಯುತ್ತಿದ್ದದ್ದು ಇದಕ್ಕೇ.

“ಎರಡನೇದು ಇದು ನೋಡಿ,” ಎಂದಳು. “ಕೋಟೆಯ ಕೊನೇ ಬಾಗಿಲ ಹತ್ರ ತೋಳ ನಿಂತು ಹುಡುಗಿಗೆ ಒಂದು ಮಾತು ಹೇಳತ್ತೆ. ಪುಸ್ತಕದಲ್ಲಿ, ‘ಇನ್ನು ನೀನೊಬ್ಬಳೇ ಹೋಗು, ನಿನ್ನ ಹೆಸರೇ ನಿನಗೆ ಜೊತೆ.’ ಕದ್ದ ಬರಹದಲ್ಲಿ ಆ ಜಾಗದಲ್ಲಿ ಬೇರೆ ಮಾತಿದೆ. ಬೇರೆಲ್ಲ ಪದಕ್ಕೆ ಪದ ಸರಿ.”

“ಗೊತ್ತು. ಕಳ್ಳನ ಸ್ವಂತ ಸಾಹಿತ್ಯ,” ಎಂದ ಗ್ರೆಶಮ್ ಅಂಗಿ ಒರೆಸಿಕೊಳ್ಳುತ್ತ. “ಓದಿದ ಮಕ್ಕಳೆಲ್ಲ ಆ ಮಾತಿಗೇ ಅತ್ತಿವೆಯಂತೆ. ಅದು ಬೇರೆ ವಿಷಯ.”

“ಅದನ್ನ ಓದಬೇಡಿ ಐಲಿ!” ಮಾರಿತ್ ಎರಡೂ ಕಿವಿ ಮುಚ್ಚಿಕೊಂಡಳು. “ನಾನು ಅದನ್ನ ನೋಡಿಲ್ಲ, ನೋಡೋದೂ ಇಲ್ಲ. ಹನ್ನೊಂದು ವರ್ಷ ಬರೆದದ್ದಕ್ಕೆ ಯಾವನೋ ಕೈ ಹಾಕಿದಾನೆ.”

ಐಲಿ ಓದಲಿಲ್ಲ. ಮನಸ್ಸಿನಲ್ಲೇ ಮತ್ತೊಮ್ಮೆ ನೋಡಿಕೊಂಡಳು. ‘ದೀಪ ಆರಿಸಬೇಡ. ಹಿಂದಿನ ಬಾಗಿಲಿಂದ ಬರ್ತೀನಿ.’ ಮಂಜುಗಡ್ಡೆಯ ಕೋಟೆಯೆದುರು ನಿಂತ ತೋಳ ಆಡುವ ಮಾತೇ ಅದು? ಮೂರು ಪುಸ್ತಕಗಳಲ್ಲಿ ಎಲ್ಲೂ ದೀಪವಿಲ್ಲ, ಹಿಂದಿನ ಬಾಗಿಲೂ ಇಲ್ಲ. ಅದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಇರಲಿ, ಮೊದಲು ಟ್ರಕ್ಕು ಖಾಲಿ ವಾಪಸು ಹೋಗಬೇಕು.

“ಮಾರಿತ್, ಈ ಅಧ್ಯಾಯನ ಯಾವಾಗಾದ್ರೂ ಗಟ್ಟಿಯಾಗಿ ಓದಿದ್ಯಾ?”

“ಒಂದೇ ಸಲ. ಪುಸ್ತಕ ಕೈಗೆ ಬಂದ ದಿನ. ಪ್ರತಿ ಸಲಾನೂ ಹಾಗೇ, ಕೊನೇ ಅಧ್ಯಾಯ ಒಂದ್ಸಲ ಬಾಯಲ್ಲಿ ಆಡಿ ನೋಡ್ದೆ ಇದ್ರೆ ನನಗೆ ಸಮಾಧಾನ ಇಲ್ಲ. ಆದ್ರೆ ಒಬ್ಬಳೇ ಇದ್ದೆ, ಕಾರಲ್ಲಿ. ಬ್ರಿಜ್ ಆಗಿದ್ದೆ.”

“ಏನಾಗಿದ್ರಿ?” ಎಂದ ಗ್ರೆಶಮ್.

“ಬ್ರಿಜ್ ಆಗಿದ್ಲು,” ಎಂದಳು ಡೆಲ್ಫಿನ್. “ಬ್ರಿಜ್ ಆಗಿದ್ದೆ,” ಎಂದಳು ಮಾರಿತ್. ಎರಡು ಬಾಯಿ ಒಂದೇ ಸಲಕ್ಕೆ ತೆರೆದಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನೋಡಿದ್ದು ನೆನಪಾಗಿ, ಮುಖ ತಿರುಗಿಸಿದರು.

ಮಾರಿತ್‌ಳ ಮನೆ ಕಾಲುವೆಯಾಚೆ ಪಾರ್ಕ್ ಪಾಯಿಂಟಿನ ಮರಳದಂಡೆಯ ಮೇಲಿತ್ತು. ಅಲ್ಲಿಗಿರುವುದು ಒಂದೇ ಸೇತುವೆ. ಹಡಗು ಬಂದಾಗ ಸೇತುವೆ ಮೇಲೇಳುತ್ತದೆ, ಕಾರುಗಳು ಸಾಲುಗಟ್ಟುತ್ತವೆ. ಮದುವೆಗೆ ತಡವಾದರೂ ಹೆರಿಗೆಗೆ ತಡವಾದರೂ ‘ಬ್ರಿಜ್ ಆದೆ’ ಎಂದರೆ ಮುಗಿಯಿತು, ಬೇರೆ ಕಾರಣ ಯಾರೂ ಕೇಳುವುದಿಲ್ಲ.

“ಕಾರಿನ ಕಿಟಕಿ?” ಎಂದಳು ಐಲಿ.

“ಏರಿಸಿದ್ದೆ. ಗಾಳಿ ಕೊರೀತಾ ಇತ್ತು.”

“ರೇಡಿಯೊ?”

“ಅಪ್ಪನ ಹಳೇ ಕೈ ರೇಡಿಯೊ. ಹಡಗು ಯಾವಾಗ ಬರತ್ತೆ ಕೇಳ್ಕೊಳ್ಳೋಕೆ ಎಲ್ಲರೂ ಇಟ್ಕೊಂಡಿರ್ತೀವಲ್ಲ. ಆದ್ರೆ ಅವತ್ತು ಅದು ಉಸಿರೇ ಬಿಡಲಿಲ್ಲ. ಬ್ಯಾಟರಿ ಸತ್ತಿದೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಸರಿ ಇತ್ತು.”

“ನಿನ್ನ ಚೀಲ ಎಲ್ಲಿತ್ತು?”

“ಪಕ್ಕದ ಸೀಟಲ್ಲಿ. ಯಾವಾಗ್ಲೂ ಅಲ್ಲೇ ಎಸೀತೀನಿ.”

ಐಲಿ ಕನ್ನಡಕ ತೆಗೆದು ಮಡಿಚಿದಳು. “ಇವತ್ತು ಬೆಳಿಗ್ಗೆ ನನ್ನ ಕರ್ಕೊಂಡು ಬರೋಕೆ ಬಂದೆಯಲ್ಲ. ಕೂತ್ಕೊಳ್ಳೋಣ ಅಂತ ಆ ಚೀಲ ಎತ್ತಿದೆ. ಅಬ್ಬಾ, ಕಲ್ಲು ಹೊತ್ಕೊಂಡು ತಿರುಗ್ತೀಯೇನಮ್ಮಾ? ಚೀಲ ಎತ್ತಿದ ಕೂಡಲೇ ಅದರಡಿಯಿದ್ದ ರೇಡಿಯೊ ವಟಗುಟ್ಟೋಕೆ ಶುರು ಮಾಡ್ತು. ಅಲ್ಲೀವರೆಗೂ ಗಪ್‌ಚಿಪ್. ಯಾಕೆ ಹೇಳು? ಎರಡೂ ಕಡೆ ಮಾತಾಡೋ ರೇಡಿಯೊ ಅದು. ಚೀಲದ ಭಾರಕ್ಕೆ ಮಾತಾಡೋ ಗುಂಡಿ ಒತ್ತಿಕೊಂಡ್ರೆ ನಮಗೇನೂ ಕೇಳಿಸೋದಿಲ್ಲ.”

ಹೊರಗೆ ಟ್ರಕ್ಕು ಗುರುಗುಟ್ಟುತ್ತಲೇ ಇತ್ತು.

“ನಮಗೆ ಕೇಳಿಸೋದಿಲ್ಲ,” ಎಂದು ಐಲಿ ಮುಗಿಸಿದಳು. “ನಾವಾಡಿದ್ದು ಮಾತ್ರ ಇಡೀ ಬಂದರಿಗೆ ಕೇಳಿಸತ್ತೆ.”

ಮೊದಲು ಅರ್ಥವಾದದ್ದು ಡೆಲ್ಫಿನ್‌ಗೆ. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಮಾರಿತ್‌ಳ ಮುಖ ಬಿಳುಚಿ, ಆಮೇಲೆ ಕತ್ತಿನಿಂದ ಕಿವಿಯವರೆಗೆ ಕೆಂಪೇರಿತು.

“ಊಹೆ!” ಎಂದ ಗ್ರೆಶಮ್. “ಇದಕ್ಕೆ ಸಾಕ್ಷಿ ಎಲ್ಲಿ?”

“ಸಾಕ್ಷೀನಾ? ಮೇಲೆ ಕೂತಿದೆ,” ಎನ್ನುತ್ತ ಐಲಿ ತನ್ನ ಫೋನನ್ನು ಗಲ್ಲೆಯ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಕರೆ ಹೋದದ್ದು ಸೇತುವೆಯ ಮೇಲಿನ ಕೋಣೆಯಲ್ಲಿ ಕೂತು ಅದನ್ನು ಎತ್ತಿ ಇಳಿಸುವ ವೆಂಡೆಲ್‌ಗೆ, ಅವಳ ಜೊತೆ ಓದಿದವನಿಗೆ.

“ಏನೇ ಐಲಿ, ಬೇಗ ಹೇಳು. ಇನ್ನೊಂದು ಹಡಗು ಹೊರಡ್ತಾ ಇದೆ.”

“ಹೋದ ತಿಂಗಳು ಬಂದರಿನ ರೇಡಿಯೊದಲ್ಲಿ ಯಾರಾದ್ರೂ ಕತೆ ಓದಿದ್ರೇನೋ?”

ಆಚೆ ಕಡೆಯಿಂದ ಒಂದು ದೊಡ್ಡ ನಗು ಬಂತು. “ಅಯ್ಯೋ, ಅದು ಕತೇನಾ? ನಾನು ಯಾರಿಗೋ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ! ಒಬ್ಳು ಹೆಂಗ್ಸು, ತೋಳ, ಮಂಜು, ಮಾಟಗಾತಿ ಅಂತ ಒಂದೇ ಸಮನೆ ಶುರು ಹಚ್ಕೊಂಡ್ಳು. ‘ಯಾರಮ್ಮಾ ಅದು, ಗುಂಡಿ ಬಿಡಮ್ಮಾ’ ಅಂತ ನಾನು ಬಡ್ಕೊಂಡೆ, ಹಡಗಿನೋರು ಬಡ್ಕೊಂಡ್ರು. ಊಹೂಂ. ಆಮೇಲೆ ಎಲ್ಲರೂ ಸುಮ್ನೆ ಕೇಳ್ತಾ ಕೂತ್ವಿ. ಚೆನ್ನಾಗಿತ್ತು ಕಣೇ. ಆದ್ರೆ ಒಂದು ವಿಷ್ಯ ನನ್ನ ಇವತ್ತಿಗೂ ಕೊರೀತಾ ಇದೆ.”

“ಏನು?”

“ಆ ತೋಳ ಬಾಗಿಲ ಹತ್ರ ಆ ಹುಡುಗಿಗೆ ಏನು ಹೇಳ್ತು? ಸರಿಯಾಗಿ ಅಷ್ಟೊತ್ತಿಗೆ ಹಡಗು ಕೂಗ್ತು, ನಾನೂ ಕೂಗಿಸ್ಬೇಕಾಯ್ತು. ಒಂದಕ್ಷರ ಕೇಳಿಸ್ಲಿಲ್ಲ. ಆ ಹೆಂಗ್ಸು ಏನು ಕಿವುಡೀನಾ? ಕೂಗಿನ ಮೇಲೇ ಓದ್ಕೊಂಡು ಹೋದ್ಳು!”

“ಪಾರ್ಕ್ ಪಾಯಿಂಟಿನೋಳು,” ಎಂದಳು ಐಲಿ.

“ಓ, ಹಾಗಾದ್ರೆ ಸರಿ,” ಎಂದ ವೆಂಡೆಲ್.

ಡೆಲ್ಫಿನ್‌ಳ ಗಂಟಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅವಳು ಅಳುತ್ತಿದ್ದಾಳೆಂದುಕೊಂಡು ಐಲಿ ಗಾಬರಿಯಾದಳು. ಅಳುವಲ್ಲ, ನಗು. ತಡೆದು ತಡೆದು ಕೊನೆಗೆ ಗಲ್ಲೆ ಹಿಡಿದುಕೊಂಡು ನಕ್ಕಳು. “ಲೇ ಮಾರಿತ್! ಪ್ರಕಾಶಕರು ಏಳು ಬೀಗ ಹಾಕಿ ಕಾಯ್ಕೊಂಡಿದ್ರೆ ನೀನು ಇಡೀ ಬಂದರಿಗೆ ಪುಗಸಟ್ಟೆ ಓದಿ ಹೇಳಿದ್ಯಲ್ಲೇ!”

ಮಾರಿತ್ ಎದ್ದು ಬಂದಳು. ಗಲ್ಲೆಯ ಈಚೆ ನಿಂತಳು.

“ವಾರ ಪೂರ್ತಿ ನೀನು ನನ್ನ ಕಳ್ಳಿ ಅಂದ್ಕೊಂಡಿದ್ದೆ,” ಎಂದಳು ಡೆಲ್ಫಿನ್. ನಗು ನಿಂತಿತ್ತು.

“ಅಂದ್ಕೊಂಡಿರಲಿಲ್ಲ.”

“ಅಂದ್ಕೊಂಡಿದ್ದೆ.”

“ಹೂಂ. ಅಂದ್ಕೊಂಡಿದ್ದೆ,” ಎಂದಳು ಮಾರಿತ್. “ಅಂದ್ಕೊಂಡು ಒಂದು ರಾತ್ರೀನೂ ನಿದ್ದೆ ಮಾಡ್ಲಿಲ್ಲ ಕಣೇ. ನನ್ನ ಬಯ್ಯಿ. ಸುಮ್ನಿರಬೇಡ, ಬಯ್ಯಿ.”

“ಬಯ್ಯೋಕೆ ಮಂಗಳವಾರ ಆದ್ಮೇಲೆ ಬೇಕಾದಷ್ಟು ಟೈಮಿದೆ,” ಎಂದು ಡೆಲ್ಫಿನ್ ಗಲ್ಲೆಯ ಮೇಲಿಂದಲೇ ಅವಳ ಕತ್ತು ತಬ್ಬಿದಳು. ನಡುವೆ ಇದ್ದ ಪುಸ್ತಕದ ಗುರುತುಪಟ್ಟಿಗಳ ಡಬ್ಬ ಉರುಳಿ ಚೆಲ್ಲಾಪಿಲ್ಲಿಯಾಯಿತು. ಯಾರೂ ಎತ್ತಲಿಲ್ಲ.

ಐಲಿಗೆ ಎದೆಯ ಮೇಲಿಂದ ಒಂದು ಚಪ್ಪಡಿ ಇಳಿಸಿದಂತಾಯಿತು. ಎಷ್ಟೋ ಪ್ರಕರಣ ಬಿಡಿಸಿದ್ದಳು. ಪ್ರತಿ ಸಲವೂ ಕೊನೆಗೆ ಯಾರಾದರೊಬ್ಬರಿಗೆ ಬೇಡಿ ಬೀಳುತ್ತಿತ್ತು, ಮನೆಗೆ ಹೋಗಿ ಊಟ ಸೇರುತ್ತಿರಲಿಲ್ಲ. ಕಳ್ಳನೇ ಇಲ್ಲದ ಕಳ್ಳತನ ಇದೇ ಮೊದಲು. ಡೆಲ್ಫಿನ್ ಮುಂದೆ ತಂದಿಟ್ಟ ಏಲಕ್ಕಿ ಬನ್ನನ್ನು ಅವಳು ಮುರಿದು ಬಾಯಿಗಿಟ್ಟಳು, ಬೆಳಗಿನಿಂದ ಹಸಿದಿದ್ದೇನೆಂದು ಆಗಲೇ ಗೊತ್ತಾದದ್ದು.

ಗ್ರೆಶಮ್ ಎರಡು ಸಲ ಕೆಮ್ಮಿದ. ವಕೀಲನಾದರೂ ಮನುಷ್ಯನೇ; ಬಂದು ಡೆಲ್ಫಿನ್‌ಳ ಎದುರು ನಿಂತ. “ನಾನು ತಪ್ಪು ತಿಳ್ಕೊಂಡಿದ್ದೆ. ಕ್ಷಮಿಸಿ. ಪೆಟ್ಟಿಗೆಗಳು ಇಲ್ಲೇ ಇರಲಿ.” ಹೊರಗೆ ಹೋಗಿ ಟ್ರಕ್ಕಿನವನಿಗೆ ಏನೋ ಹೇಳಿದ. ಗುರುಗುಟ್ಟುವಿಕೆ ದೂರವಾಯಿತು. ಒಳಗೆ ಬಂದವನು, “ನನಗೂ ಒಂದು ಬನ್ನು ಸಿಗಬಹುದಾ?” ಎಂದ. ಸಿಕ್ಕಿತು.

“ಕೊಡಿ ಇಲ್ಲಿ ಐಲಿ,” ಎಂದು ಮಾರಿತ್ ಕೈಚಾಚಿದಳು. ಅವಳ ದನಿಯಲ್ಲಿ ಹುಡುಗಾಟ ಮರಳಿತ್ತು. “ಕಳ್ಳನೇ ಇಲ್ಲ ಅಂದ್ಮೇಲೆ ಓದೋಕೇನು? ನಾನು ಓದಿದ್ದನ್ನ ಅಷ್ಟು ಚೆನ್ನಾಗಿ ಬರ್ಕೊಂಡ ಪುಣ್ಯಾತ್ಮ ಯಾರೋ, ಮಕ್ಕಳೆಲ್ಲ ಅತ್ತರಂತಲ್ಲ, ತೋಳದ ಬಾಯಲ್ಲಿ ಏನು ಹೇಳ್ಸಿದಾನೆ ನೋಡೋಣ.”

ಐಲಿಯ ಗಂಟಲಿನ ಮುಳ್ಳು ಇನ್ನೂ ಅಲ್ಲೇ ಇತ್ತು. ಬಂದರಿನಲ್ಲಿ ಎಷ್ಟೋ ಜನ ಕೇಳಿದರು, ಸರಿ. ಒಬ್ಬ ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಸಾಲು ಬಿಡದೆ ಬರೆದ, ಅದೂ ಸರಿ. ಆದರೆ ಕೇಳಿಸದೆ ಹೋದ ಒಂದು ಜಾಗವನ್ನು ಖಾಲಿ ಬಿಡದೆ ತುಂಬಿದ್ದೇಕೆ? ಅವಳು ಆ ಸಾಲು ತೆರೆದು ಫೋನನ್ನು ಕೊಟ್ಟಳು.

ಮಾರಿತ್ ಓದಿದಳು. ನಗು ಮುಖದ ಮೇಲೆ ಹಾಗೇ ಉಳಿದು, ಕಣ್ಣು ಮಾತ್ರ ನಿಂತುಹೋಯಿತು.

“ಡೆಲ್ಫಿನ್,” ಎಂದಳು. “ಬಾ ಇಲ್ಲಿ.”

ಡೆಲ್ಫಿನ್ ಬಗ್ಗಿ ಓದಿದಳು. “ದೀಪ ಆರಿಸಬೇಡ. ಹಿಂದಿನ...” ಮುಂದಕ್ಕೆ ಓದಲಾರದೆ ಗೆಳತಿಯ ಭುಜ ಹಿಡಿದಳು. “ದೇವರೇ.”

“ಏನಿದು? ಯಾರ ಮಾತು?” ಎಂದಳು ಐಲಿ.

ಮಾರಿತ್ ಗಲ್ಲೆಯ ಮೇಲಿದ್ದ ಪುಸ್ತಕದ ಮೊದಲ ಹಾಳೆ ತಿರುವಿ ಐಲಿಯ ಕಡೆ ತಳ್ಳಿದಳು. ಮೂರೂ ಪುಸ್ತಕಗಳಿಗೆ ಅರ್ಪಣೆ ಒಂದೇ: ‘ಎಸ್ಕಿಲ್‌ಗೆ, ದಡ ಸೇರದವನಿಗೆ.’

“ನನ್ನಣ್ಣ,” ಎಂದಳು ಕೊನೆಗೆ. “ಮಂಜುಕೋಟೆ ನಂದೊಬ್ಬಳದೇ ಅಲ್ಲ ಐಲಿ. ಚಿಕ್ಕಂದಿನಲ್ಲಿ ನಾವಿಬ್ಬರೂ ಹಾಸಿಗೇಲಿ ಮಲಗಿ ಕಟ್ಟಿದ್ದು. ನೈವರಾ ಅನ್ನೋ ಹೆಸರು ಅವನಿಟ್ಟಿದ್ದು. ಒಂದಿನಾನೂ ಬರೆದಿಟ್ಟಿರ್ಲಿಲ್ಲ, ಬರೀ ಬಾಯಲ್ಲಿ. ಅಪ್ಪ ಮಲಗಿದ ಮೇಲೆ ಅವನು ಹಡಗು ನೋಡೋಕೆ ಅಂತ ಕದ್ದು ಹೋಗ್ತಿದ್ದ. ಹೋಗೋವಾಗ ನನ್ನ ಕಿವೀಲಿ ಇದೇ ಹೇಳ್ತಿದ್ದ. ನಾನು ಅಡಿಗೆಮನೆ ಕಿಟಕೀಲಿ ದೀಪ ಇಟ್ಕೊಂಡು ಕಾಯ್ತಿದ್ದೆ. ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಹೋದ ರಾತ್ರೀನೂ ಇದನ್ನೇ ಹೇಳಿದ್ದ.”

“ಅಲಾಸ್ಕದಲ್ಲಿ ಅವನಿದ್ದ ಮೀನಿನ ದೋಣಿ ಮುಳುಗ್ತು,” ಎಂದಳು ಡೆಲ್ಫಿನ್ ಮೆಲ್ಲಗೆ. “ಹೆಣ ಸಿಗಲಿಲ್ಲ. ಖಾಲಿ ಪೆಟ್ಟಿಗೆ ಹೂತಿದ್ವಿ.”

“ಈ ಮಾತು ಇನ್ಯಾರಿಗೆ ಗೊತ್ತು?” ಎಂದಳು ಐಲಿ.

“ನನಗೆ. ಇವಳಿಗೆ ನಾನು ಹೇಳಿದ್ದೆ. ಮತ್ತೆ ಅವನಿಗೆ,” ಎಂದಳು ಮಾರಿತ್.

ಗ್ರೆಶಮ್ ಅರ್ಧ ತಿಂದ ಬನ್ನನ್ನು ಕೆಳಗಿಟ್ಟ.

ಮಾರಿತ್ ಗಲ್ಲೆಯ ಮೇಲಿಟ್ಟ ಐಲಿಯ ಫೋನಿನಲ್ಲಿ ವೆಂಡೆಲ್‌ನ ಕರೆ ಇನ್ನೂ ತೆರೆದೇ ಇತ್ತು. ಅವಳು ಅದರತ್ತ ಬಾಗಿದಳು. “ವೆಂಡೆಲ್, ಇದೀಯಾ? ಅವತ್ತು ಕತೆ ಓದೋವಾಗ ಕಾಲುವೇಲಿ ಇದ್ದದ್ದು ಯಾವ ಹಡಗು?”

“‘ಹಾರ್ಲನ್ ಟ್ವೀಡ್’. ಈ ವರ್ಷ ಹೊಸದಾಗಿ ನಮ್ಮ ಕಡೆ ಬರ್ತಿರೋದು. ಯಾಕೆ?”

“ಈಗೆಲ್ಲಿದೆ ಅದು?”

“ಎಲ್ಲಿದೆ ಅಂದ್ರೆ? ನನ್ನ ಕಾಲಡೀಲೇ ಇದೆ. ಅದಿರು ತುಂಬ್ಕೊಂಡು ಹೊರಗೆ ಹೋಗ್ತಾ ಇದೆ. ಸ್ವಲ್ಪ ತಡಿ, ಅದು ಕೂಗತ್ತೆ, ನಾನು ಉತ್ತರ ಕೊಡ್ಬೇಕು.”

ಹಡಗು ಕೂಗಿತು.

ಹುಟ್ಟಿದಾಗಿನಿಂದ ಆ ಕೂಗು ಕಿವಿಗೇ ಬೀಳದ ಮಾರಿತ್ ಬೆಚ್ಚಿಬಿದ್ದಳು. ಮರುಗಳಿಗೆ ಬಾಗಿಲು ತೆರೆದು ಕಾಲುವೆಯ ಕಡೆಗೆ ಓಡುತ್ತಿದ್ದಳು, ಮೈಮೇಲೆ ಕೋಟೂ ಇಲ್ಲದೆ. “ಏಯ್, ನಿಲ್ಲೇ, ಚಳಿ!” ಎನ್ನುತ್ತ ಡೆಲ್ಫಿನ್ ಗೂಟದಿಂದ ಎರಡು ಕೋಟು ಕಿತ್ತುಕೊಂಡು ಹಿಂದೆಯೇ ಓಡಿದಳು.

ಐಲಿ ಫೋನನ್ನು ಕೈಗೆತ್ತಿಕೊಂಡು ಹೊಸ್ತಿಲಿಗೆ ಬಂದಳು. ಕಟ್ಟಡಗಳ ಸಂದಿಯಲ್ಲಿ ಹಡಗಿನ ಕೆಂಪು ಗೋಡೆ ನಿಧಾನವಾಗಿ ಸರಿದುಹೋಗುತ್ತಿತ್ತು, ಮುಗಿಯದಷ್ಟು ಉದ್ದಕ್ಕೆ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಕಣ್ಣು ಕುಕ್ಕುತ್ತಿತ್ತು.

“ಐಲಿ, ಕೇಳಿಸ್ತಾ ಇದೆಯಾ?” ಎಂದ ವೆಂಡೆಲ್, ಸೇತುವೆಯ ಮೇಲಿಂದ. “ಇದೊಂದು ತಮಾಷೆ ನೋಡು. ಹಡಗಿನ ಹಿಂಬದೀಲಿ ಒಬ್ಬ ನಿಂತಿದಾನೆ, ನೆರೆತ ಗಡ್ಡ. ಇಷ್ಟು ಬಿಸಿಲಲ್ಲಿ ಕೈಯಲ್ಲಿ ಲಾಟೀನು ಹಚ್ಚಿ ಹಿಡ್ಕೊಂಡಿದಾನೆ.”